ಅಂಗೈ ಅಗಲದ ಅರಿಕೆ

ಹೊಳೆ ಎರಡು ಕವಲಾಗಿ ಮತ್ತೆ ಕೂಡಿಕೊಳ್ಳುವ ಜಾಗದಲ್ಲಿ ನಮ್ಮೂರಿದೆ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅಲ್ಲಿಗೆ ಹೋಗಿ, ಗೋಡೆ ಕಡೆ ಮುಖ ಮಾಡಿರುವ ಚಿತ್ರಗಳನ್ನೆಲ್ಲ ತಿರುಗಿಸಿ ನೋಡ್ತೀರಿ, ಆಮೇಲೆ ನಮ್ಮನ್ನು ನೋಡಿ ನಗ್ತೀರಿ. ನಮ್ಮನ್ನು ನೋಡಿ ನಗೋದಕ್ಕೆ ನಾವೇ ಸಾಕು.

ನಮ್ಮೂರಲ್ಲಿ ಎಲ್ಲರೂ ಏನಾದರೊಂದು ಮಾಡುವವರೇ. ನಾನು ಮಡಕೆ ಮಾಡ್ತೀನಿ. ಎದುರು ಮನೆಯವನು ಕಂಬಳಿ ನೇಯ್ತಾನೆ. ಮೂಲೆ ಮನೆಯವನು ಮದ್ದಳೆಗೆ ಚರ್ಮ ಕಟ್ತಾನೆ. ನನ್ನ ಪಕ್ಕದ ಮನೆಯವಳು ಬಟ್ಟೆಯ ಮೇಲೆ ಚಿತ್ರ ಬರೀತಾಳೆ. ಆದರೆ ಮಾಡಿದ್ದನ್ನು ಯಾರೂ ನೋಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಊರಲ್ಲಿ ನಡೆಯುವ ಕಲಾಸಂತೆಗೆ ಆಯ್ಕೆ ಆಗುವ ತನಕ, ಮಾಡಿದವರನ್ನು ಬಿಟ್ಟು ಇನ್ನೊಬ್ಬರ ಕಣ್ಣು ಅದರ ಮೇಲೆ ಬೀಳಬಾರದು. ಚಿತ್ರವಾದರೆ ಗೋಡೆಗೆ ಮುಖ, ಮಡಕೆಯಾದರೆ ಗೋಣಿಯೊಳಗೆ, ಕಂಬಳಿಯಾದರೆ ಸುರುಳಿ ಸುತ್ತಿ ಅಟ್ಟಕ್ಕೆ. ಆಯ್ಕೆಯಾಗದ್ದನ್ನು ನೋಡಿದವರ ಕಣ್ಣಿಗೆ ಅದು ಬರೀ ಬಣ್ಣ, ಬರೀ ಮಣ್ಣು, ಬರೀ ಉಣ್ಣೆಯಾಗಿ ಕಾಣಿಸುತ್ತದಂತೆ. ಆಮೇಲೆ ಸಾಯುವ ತನಕ ಎಷ್ಟು ಸಲ ನೋಡಿದರೂ ಹಾಗೇ ಕಾಣಿಸುತ್ತದಂತೆ. ಅಂತೆ ಅಂದೆ. ನೋಡಿದವರೂ ಇಲ್ಲ, ನೋಡಿ ಕಣ್ಣು ಕೆಡಿಸಿಕೊಂಡವರೂ ಇಲ್ಲ. ಕಾವಲಿಗೆ ಒಬ್ಬ ಆಳಿಲ್ಲ, ದಂಡ ಇಲ್ಲ, ಬೈಯುವವರಿಲ್ಲ. ಆದರೂ ಯಾರೂ ನೋಡಲ್ಲ.

ಆಯ್ಕೆ ಆಗಬೇಕಾದರೆ ಅರಿಕೆ ಸಲ್ಲಿಸಬೇಕು. ಬೇಸಗೆ ಕಳೆಯುವ ಮುಂಚೆ ಆಯ್ಕೆಯವರ ಮನೆಗೆ ಹೋಗಬೇಕು. ಅಲ್ಲಿ ಒಂದು ಕರಿ ಪರದೆ. ಪರದೆಯ ಸೀಳಿನಿಂದ ಒಂದು ಕೈ ಹೊರಗೆ ಬರುತ್ತೆ, ಅಂಗೈ ಮೇಲೆ ಮಾಡಿ. ನೀವು ಮಾಡಿದ್ದರಲ್ಲಿ ಯಾವುದು ಅತಿ ಒಳ್ಳೆಯದೋ ಅದರಿಂದ, ಅದರಲ್ಲೂ ಅತಿ ಒಳ್ಳೆಯ ಜಾಗದಿಂದ, ಅಂಗೈ ಅಗಲದ ಒಂದು ತುಣುಕು ಕತ್ತರಿಸಿ ತಂದು ಆ ಕೈಮೇಲೆ ಇಡಬೇಕು. ಇಟ್ಟು ಅರಿಕೆಯ ಮಾತು ಹೇಳಬೇಕು. ಅಂಗೈ ಮುಚ್ಚಿಕೊಂಡಿತೋ, ಬಾಯಿಯೂ ಮುಚ್ಚಿಕೊಂಡು ಎದ್ದು ಬರಬೇಕು. ಆಯ್ಕೆಯಾದವರ ಹೊಸ್ತಿಲ ಮೇಲೆ ಕೆಲವು ದಿನ ಬಿಟ್ಟು ಸುಣ್ಣದ ಬೊಟ್ಟು ಬೀಳುತ್ತೆ. ಆಗದವರ ಹೊಸ್ತಿಲು ಹೇಗಿತ್ತೋ ಹಾಗೇ ಇರುತ್ತೆ. ಕೊಟ್ಟ ತುಣುಕು ಯಾರಿಗೂ ವಾಪಸ್ ಬಂದದ್ದಿಲ್ಲ. ಆ ಕೈಯನ್ನು ನಾನು ಬಹಳ ಸಲ ನೋಡಿದ್ದೀನಿ. ಮೆತ್ತನೆಯ ಕೈ. ಒಂದು ಸುಟ್ಟ ಗಾಯವಿಲ್ಲ, ಉಗುರಲ್ಲಿ ಒಂದು ಚೂರು ಬಣ್ಣವಿಲ್ಲ.

ಹೀಗಾಗಿ ನಮ್ಮೂರಲ್ಲಿ ಮಾಡಿದ್ದಕ್ಕೆಲ್ಲ ಒಂದು ತೂತು. ನನ್ನ ಮಡಕೆಯಲ್ಲಿ ನೀರು ನಿಲ್ಲಲ್ಲ. ಕಂಬಳಿ ಹೊದ್ದರೆ ಸರಿಯಾಗಿ ಎದೆಯ ಹತ್ತಿರ ಚಳಿ ಹೊಡೆಯುತ್ತೆ. ಮದ್ದಳೆ ಬಾರಿಸಿದರೆ ಬಡಿದವನ ಕೈ ಒಳಗೆ ಹೋಗುತ್ತೆ. ಸಂತೆಗೆ ಬರುವ ಪರವೂರಿನ ಜನ ಮೊದಮೊದಲು ಮುಖ ಸಿಂಡರಿಸಿದರು, ಆಮೇಲೆ ಅವರಿಗೂ ರುಚಿ ಹತ್ತಿತು. ಈಗ ಬಂದವರು ಕನ್ನಡಕ ಏರಿಸಿಕೊಂಡು ತೂತಿನ ಅಂಚು ನೋಡ್ತಾರೆ. ಅಂಚು ಎಷ್ಟು ನೇರ, ನೋಡಿ, ಅಂತಾರೆ. ಮಡಕೆ ಹೇಗಿದೆ ಅಂತ ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ನನ್ನ ಸಂಕಟ ಹಾಗಿರಲಿ. ಹೇಳಬೇಕಾದದ್ದು ಪಕ್ಕದ ಮನೆ ಚಿತ್ರಗಾರ್ತಿಯ ವಿಷಯ.

ಅವಳ ಗಂಡ ದೋಣಿಯವನು. ಜನರನ್ನು ಆಚೆ ದಡಕ್ಕೆ ಬಿಟ್ಟು ಬರುವ ಕೆಲಸ. ಒಂದು ಮಳೆಗಾಲ ಅವನು ಆಚೆ ಇದ್ದಾಗ ಹೊಳೆ ಏರಿತು, ಬಹಳ ದಿನ ಇಳಿಯಲೇ ಇಲ್ಲ. ಅವನು ಆ ದಡದಲ್ಲಿ, ಬಸುರಿ ಹೆಂಡತಿ ಈ ದಡದಲ್ಲಿ. ಹೆರಿಗೆಯಾಯಿತು, ಹೆಣ್ಣು ಮಗು. ಬಾಣಂತಿ ಕೋಣೆಗೆ ಹೆಸರಿಡುವ ತನಕ ಯಾರೂ ಹೋಗುವ ಹಾಗಿಲ್ಲ, ಅದು ನಮ್ಮ ಪದ್ಧತಿ. ಸೂಲಗಿತ್ತಿ ಕೂಡ ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡ್ತಾಳೆ. ಹೆಸರಿಡುವ ದಿನ ಬರಲಿಲ್ಲ, ಅದಕ್ಕೆ ಮುಂಚೆಯೇ ಮಗು ಹೋಯಿತು. ಆದರೆ ಅಷ್ಟರಲ್ಲಿ ಅವಳು ಮಗುವನ್ನು ಎದುರಿಗೆ ಮಲಗಿಸಿಕೊಂಡು ಅದರ ಚಿತ್ರ ಬರೆದಿದ್ದಳು. ಕೆಂಪು ಅಂಗಿ, ಮುಷ್ಟಿ ಬಿಗಿದ ಕೈ, ಕಿವಿ, ಕೂದಲು, ಮುಖ. ಹೊಳೆ ಇಳಿದ ಮೇಲೆ ಗಂಡ ಬಂದ. ತೊಟ್ಟಿಲು ಖಾಲಿ. ಚಿತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು.

ತನ್ನ ಮಗಳನ್ನು ಅವನು ನೋಡಿಲ್ಲ. ನೋಡಬೇಕು ಅಂದರೆ ಆ ಚಿತ್ರ ಆಯ್ಕೆ ಆಗಬೇಕು. ಅವರಿಬ್ಬರಿಗೂ ಇದ್ದದ್ದು ಅದೊಂದೇ ಆಸೆ. ಊಟ ಮಾಡುವಾಗ ಅದೇ, ಜಗಳ ಆಡುವಾಗಲೂ ಅದೇ.

ಮೊದಲನೇ ವರ್ಷ ಅವಳು ಚಿತ್ರದ ಮೂಲೆಯಿಂದ ಹಾಸಿಗೆಯ ಅಂಚನ್ನು ಕತ್ತರಿಸಿ ಕೊಟ್ಟಳು. ಹೊಸ್ತಿಲ ಮೇಲೆ ಬೊಟ್ಟು ಬೀಳಲಿಲ್ಲ. ಮುಂದಿನ ವರ್ಷ ಅಂಗಿಯ ತುದಿ. ಬೊಟ್ಟಿಲ್ಲ. ಅದರ ಮುಂದಿನ ವರ್ಷ ಮುಷ್ಟಿ ಬಿಗಿದ ಕೈ. ಅದನ್ನು ಕತ್ತರಿಸಿದ ದಿನ ಅವಳು ನಮ್ಮ ಮನೆಗೆ ಬಂದು ನೀರು ಕೇಳಿ, ಕುಡಿಯದೆ ಲೋಟ ಹಿಡಿದುಕೊಂಡೇ ಕೂತಿದ್ದಳು. ಆ ವರ್ಷವೂ ಬೊಟ್ಟಿಲ್ಲ. ಆಮೇಲೆ ಇನ್ನೊಂದು ಕೈ, ಆಮೇಲೆ ಕಿವಿ ಮತ್ತು ಕೂದಲು. ಚಿತ್ರವನ್ನು ಅಂಚಿನಿಂದ ಒಳಕ್ಕೆ ಇಲಿ ತಿಂದ ಹಾಗೆ ತಿನ್ನುತ್ತಾ ಬಂದಳು, ಪಾಪ. ಒಳಗೆ ಮುಖ, ಅದರ ಕೆಳಗೆ ಅಂಗಿಯ ಒಂದು ಪಟ್ಟಿ ಮಾತ್ರ ಉಳಿಯಿತು.

ಚಿತ್ರದ ಬೆನ್ನನ್ನು ನೋಡುವುದಕ್ಕೆ ಅಡ್ಡಿಯಿಲ್ಲ. ದೋಣಿಯವನು ಕೆಲಸ ಮುಗಿಸಿ ಬಂದವನೇ ಅದರ ಬೆನ್ನಿನ ಎದುರಿಗೆ ಕೂತುಕೊಳ್ಳುತ್ತಿದ್ದ. ಬಣ್ಣ ಅಲ್ಲಲ್ಲಿ ಹಿಂದಕ್ಕೆ ಇಳಿದಿತ್ತು. ಇಲ್ಲಿ ಕೆಂಪು ಇದೆ, ಅಂಗಿ ಇರಬೇಕು, ಅನ್ನುತ್ತಿದ್ದ. ಒಂದು ಸಲ ನನಗೆ ತಡೆಯಲಾಗದೆ ದೋಣಿ ಕಡವಿನ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ.

"ನಿನಗೆ ಬುದ್ಧಿ ಇದೆಯೇನೋ? ನಿನ್ನ ಮನೆ, ನಿನ್ನ ಗೋಡೆ, ನಿನ್ನ ಮಗಳು. ಹೋಗಿ ತಿರುಗಿಸಿ ನೋಡು. ಯಾರು ಏನು ಮಾಡ್ತಾರೆ?"

ಅವನು ಹುಟ್ಟನ್ನು ಮರಳಿಗೆ ಊರಿದ. "ಯಾರೂ ಏನೂ ಮಾಡಲ್ಲ ಅಕ್ಕ, ಗೊತ್ತು. ಆದರೆ ನೋಡಿದಾಗ ಬರೀ ಬಣ್ಣ ಕಾಣಿಸಿಬಿಟ್ಟರೆ? ಒಂದು ಸಲ ಕಳಕೊಂಡಿದ್ದೀನಿ. ಈಗ ನಾನೇ ಕೈಯಾರೆ ಅವಳನ್ನು ಬಣ್ಣ ಮಾಡಿಕೊಳ್ಳಲಾ?"

"ನೀನು ಆಯ್ಕೆಯಾಗದ ನಿನ್ನ ಮಡಕೆಯ ಗೋಣಿ ಬಿಚ್ಚಿ ಯಾರಿಗಾದರೂ ತೋರಿಸಿದ್ದೀಯಾ?" ಅಂತಲೂ ಕೇಳಿದ. ನಾನು ಮನೆಗೆ ಬಂದು ಗೋಣಿಯ ಗಂಟು ಬಿಗಿಯಾಗಿದೆಯಾ ಅಂತ ನೋಡಿದೆ.

ಆ ವರ್ಷ ಚಿತ್ರಗಾರ್ತಿ ಅರಿಕೆ ಮೇಷ್ಟ್ರ ಹತ್ತಿರ ಹೋದಳು. ಇವನನ್ನು ನಿಮಗೆ ಪರಿಚಯ ಮಾಡಿಸಲೇಬೇಕು. ಊರಲ್ಲಿ ಏನನ್ನೂ ಮಾಡದೆ ಬದುಕಿರುವವನು ಅಂದರೆ ಇವನೊಬ್ಬ. ಮಣ್ಣು ಮುಟ್ಟಿಲ್ಲ, ಕುಂಚ ಹಿಡಿದಿಲ್ಲ, ದಾರಕ್ಕೆ ಒಂದು ಗಂಟು ಹಾಕಲು ಬರಲ್ಲ. ಆದರೆ ಮಾಡಿದವರಿಗೆ ಅರಿಕೆ ಹೇಗೆ ಹೇಳಬೇಕು ಅಂತ ಕಲಿಸ್ತಾನೆ. ಒಗೆದ ಬಿಳಿ ಪಂಚೆ, ಸಣ್ಣ ದನಿ, ಎಲ್ಲರಿಗೂ ಬಹುವಚನ. ಕೆಟ್ಟವನೂ ಅಲ್ಲ. ಅದೇ ನನಗೆ ಹೊಟ್ಟೆ ಉರಿಸುವ ಸಂಗತಿ.

ಅವನು ಮೊದಲು ಅವಳ ಅಂಗಳದಲ್ಲಿ ಸಂತೆಯಲ್ಲಿರುವಂಥ ಖಾಲಿ ಮಳಿಗೆ ಕಟ್ಟಿಸಿದ. ಕಂಬ ನೆಟ್ಟು ಬಿಳಿ ಬಟ್ಟೆ ಸುತ್ತಿ, ಒಳಗೆ ಒಂದು ಮಣೆ ಹಾಕಿ, ಕೂತುಕೊಳ್ಳಿ ಅಂದ. ಆಯ್ಕೆಯಾದವರ ಹಾಗೆ ಕೂತು ಅಭ್ಯಾಸವಾಗದಿದ್ದರೆ ಆಯ್ಕೆ ಆಗುವುದಿಲ್ಲವಂತೆ. ಅರಿಕೆಯ ಕಾಲದಲ್ಲಿ ನಮ್ಮ ಬೀದಿಯ ಅಂಗಳಗಳಲ್ಲೆಲ್ಲ ಇಂಥ ಬಿಳಿ ಮಳಿಗೆಗಳು ಏಳುತ್ತವೆ. ಒಂದೊಂದರಲ್ಲೂ ಒಬ್ಬೊಬ್ಬರು ಕೂತು ಎದುರಿಗೆ ಯಾರೂ ಇಲ್ಲದಿದ್ದರೂ ಕೈ ಮುಗಿದು ಮಾತಾಡುತ್ತಾರೆ. ಅಡ್ಡಾಡುವ ಹಸುಗಳಿಗೂ ನಮ್ಮ ಅರಿಕೆಗಳು ಬಾಯಿಪಾಠ ಆಗಿರಬೇಕು.

ನಮ್ಮಿಬ್ಬರ ಮನೆ ನಡುವೆ ಮೊಣಕಾಲೆತ್ತರದ ಮೋಟು ಗೋಡೆ. ನಾನು ಮಣ್ಣು ತುಳಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ.

"ಏನು ಹೇಳ್ತೀರಿ, ಹೇಳಿ ನೋಡೋಣ," ಅಂದ ಮೇಷ್ಟ್ರು.

"ಇದು ನನ್ನ ಮಗಳು. ಹುಟ್ಟಿ ಹೆಸರಿಡೋದರೊಳಗೆ ಸತ್ತುಹೋದಳು. ಅವಳ ಅಪ್ಪ ಅವಳನ್ನು ನೋಡಿಲ್ಲ. ಅವನಿಗೆ ತೋರಿಸಬೇಕು."

"ಛೆ, ಛೆ. ಇದು ಅರಿಕೆಯಲ್ಲ, ಗೋಳು. ಪ್ರತಿ ವರ್ಷ ಇದನ್ನೇ ಹೇಳಿದ್ರಾ? ಮಗಳು ಅನ್ನಬೇಡಿ, ಶಿಶು ಅನ್ನಿ. ಶಿಶು ಅಂದರೆ ಎಲ್ಲರ ಶಿಶು ಆಗುತ್ತೆ. ಸತ್ತಳು ಅನ್ನಬೇಡಿ, ಇಲ್ಲದಿರುವಿಕೆ ಅನ್ನಿ. ಅಪ್ಪನ ಸುದ್ದಿ ಪೂರ್ತಿ ಬಿಡಿ, ಆಯ್ಕೆಯವರಿಗೆ ಅದರಿಂದ ಮುಜುಗರ. ಮತ್ತೆ, ಅಳಬಾರದು. ನಿಮ್ಮ ಕೆಲಸ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಅರಿಕೆಗೆ ಬಲ ಸಾಲದು."

"ನೀವು ಕೆಲಸ ನೋಡೇ ಇಲ್ಲವಲ್ಲ."

"ನೋಡಬಾರದಲ್ಲ," ಅಂದ ಮೇಷ್ಟ್ರು, ಪ್ರೀತಿಯಿಂದಲೇ.

ದಿನವೂ ಅದೇ ಪಾಠ. ಅವಳು ಒಂದೊಂದು ಮಾತನ್ನೂ ಎತ್ತಿ ಆಚೆ ಇಟ್ಟು, ಮೇಷ್ಟ್ರು ಕೊಟ್ಟ ಮಾತನ್ನು ಅದರ ಜಾಗದಲ್ಲಿ ಕೂರಿಸಿಕೊಂಡಳು. ಮೊದಮೊದಲು ತೊದಲುತ್ತಿದ್ದಳು. ಮಗಳು ಅಂತ ಬಾಯಿಗೆ ಬಂದಾಗ ತುಟಿ ಕಚ್ಚಿಕೊಂಡು ಶಿಶು ಅನ್ನುತ್ತಿದ್ದಳು. ಬರಬರುತ್ತಾ ತುಟಿ ಕಚ್ಚಿಕೊಳ್ಳುವುದು ನಿಂತಿತು. ಅನ್ನ ಬಸಿಯುವಾಗ, ನೀರು ಸೇದುವಾಗ, ಕಸ ಗುಡಿಸುವಾಗ ಅದೇ ಗುಣುಗುಣು. ಕೇಳಲು ಹಿತವಾಗಿತ್ತು, ನಿಜ ಹೇಳಬೇಕಲ್ಲ. ಯಾರೋ ಹಾಡು ಹೇಳಿಕೊಳ್ಳುತ್ತಿದ್ದಾರೆ ಅನ್ನಿಸೋದು.

ಪಾಠ ಮುಗಿಯುವ ದಿನ ಮೇಷ್ಟ್ರು ಕೇಳಿದ, "ತುಣುಕು ಯಾವ ಜಾಗದ್ದು?"

"ಇನ್ನು ಉಳಿದಿರೋದು ಮುಖ ಒಂದೇ."

"ಮತ್ತೆ? ಇಷ್ಟು ವರ್ಷ ಅಂಚು ಚೂರು ಕೊಟ್ಟು ಆಯ್ಕೆಯವರನ್ನು ಸತಾಯಿಸಿದ್ದೀರಿ. ಅತಿ ಒಳ್ಳೆಯ ಜಾಗ ಅಂತ ಅವರು ಬಾಯಿಬಿಟ್ಟು ಕೇಳಿದ್ದಾರೆ. ಕೇಳಿದ್ದನ್ನು ಕೊಡುವುದೇ ಗಟ್ಟಿ ಅರಿಕೆ."

ಅವನು ಹೋದ ಮೇಲೆ ನಾನು ಮಣ್ಣಿನ ಕಾಲಲ್ಲೇ ಮೋಟು ಗೋಡೆ ದಾಟಿದೆ. "ಏನೇ, ತಲೆಗಿಲೆ ಕೆಟ್ಟಿದೆಯಾ ನಿನಗೆ? ಮುಖ ಕೊಟ್ಟುಬಿಟ್ಟರೆ ಅವನಿಗೆ ತೋರಿಸೋದಕ್ಕೆ ಏನಿರುತ್ತೆ?"

ಅವಳು ನಕ್ಕಳು. ಅವಳಿಗೆ ತನ್ನ ಕೈಮೇಲೆ ಅಷ್ಟು ನಂಬಿಕೆ. "ಮುಖ ನನ್ನ ಕೈಯಲ್ಲಿದೆ ಕಣೇ. ನಾನೇ ಬರೆದದ್ದಲ್ಲವಾ? ಬೊಟ್ಟು ಬಿದ್ದ ದಿನವೇ ಕೂತು ತೂತಿಗೆ ಬಟ್ಟೆ ಕೂರಿಸಿ ಮತ್ತೆ ಬರೀತೀನಿ. ಆಗ ಚಿತ್ರ ಆಯ್ಕೆಯಾದ ಚಿತ್ರ. ಅವನು ಕಣ್ತುಂಬ ನೋಡಬಹುದು."

"ಹಾಗಾದರೆ ಕತ್ತರಿಸೋ ಮುಂಚೆ ಒಂದು ಸಲ ಅವನಿಗೆ ತೋರಿಸಿಬಿಡೇ. ನಾನು ಯಾರಿಗೂ ಹೇಳಲ್ಲ."

"ಆಯ್ಕೆ ಆಗದೇ ಇರೋದನ್ನಾ?" ಅಂದಳು. ಅವನಿಗೆ ವಿಷ ಹಾಕು ಅಂತ ನಾನು ಹೇಳಿದ್ದರೂ ಅವಳು ನನ್ನನ್ನು ಹಾಗೆ ನೋಡುತ್ತಿರಲಿಲ್ಲ.

ಹಾಡಹಗಲಲ್ಲೇ ಕತ್ತರಿಸಿದಳು. ಅಂಗಳದ ಬಿಳಿ ಮಳಿಗೆಯೊಳಗೆ ಕೂತು, ಪರದೆ ಎಳೆದುಕೊಂಡು. ಕತ್ತರಿ ನಡುವೆ ನಿಂತರೆ ಅಂಚು ಹರಿಯುತ್ತೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದ. ಕತ್ತರಿಯ ಸದ್ದು ಎಲ್ಲೂ ನಿಲ್ಲಲಿಲ್ಲ. ಸಂಜೆ ಗಂಡ ಬಂದು ಚಿತ್ರದ ಬೆನ್ನು ನೋಡಿದ. ನಡುಮಧ್ಯೆ ಗೋಡೆ ಕಾಣಿಸುತ್ತಿತ್ತು.

"ಇದು ಏನಿದ್ದ ಜಾಗ?" ಅಂತ ಕೇಳಿದ.

"ದಿಂಬು," ಅಂದಳು ಅವಳು. ಅವನು ನಂಬಿದ. ದಿಂಬು ಅಲ್ಲದೆ ಮತ್ತೇನನ್ನು ಅವಳು ಕತ್ತರಿಸಿಯಾಳು ಅಂತ ಅವನಿಗೆ ಯಾಕಾದರೂ ಅನುಮಾನ ಬರಬೇಕು?

ಆಯ್ಕೆಯವರ ಮನೆಯಲ್ಲಿ ನಾನು ಸಾಲಿನಲ್ಲಿ ಅವಳ ಹಿಂದೆಯೇ ಇದ್ದೆ, ಮಡಕೆಯ ಚೂರು ಸೆರಗಲ್ಲಿ ಕಟ್ಟಿಕೊಂಡು. ಕೈ ಹೊರಗೆ ಬಂತು. ಅವಳು ತುಣುಕನ್ನು ಮುಖ ಮೇಲಾಗಿ ಅದರ ಮೇಲಿಟ್ಟಳು. ಕತ್ತು ಒಂದಿಷ್ಟು ಚಾಚಿದ್ದರೆ ನನಗೆ ಆ ಮಗು ಕಾಣುತ್ತಿತ್ತು. ಚಾಚಲಿಲ್ಲ, ಗೋಡೆ ಕಡೆ ತಿರುಗಿಕೊಂಡೆ. ಇಡೀ ಸಾಲೇ ತಿರುಗಿಕೊಂಡಿತು. ಕೈ ಏನು ಮಾಡಿತು ಅನ್ನುವುದು ಗೋಡೆಯ ಮೇಲಿನ ನೆರಳಿನಲ್ಲಿ ಕಂಡಿತು. ಹೆಬ್ಬೆರಳು ತುಣುಕಿನ ಸುತ್ತ ಅಂಚು ಸವರಿ ಬಂತು, ಅಂಗೈಗೆ ಅಗಲ ಸರಿಹೋಗುತ್ತದೆಯೇ ಅಂತ ನೋಡಿತು, ಅಷ್ಟೇ. ಅವಳು ಅರಿಕೆ ಹೇಳಿದಳು. ಎಲ್ಲೂ ದನಿ ನಡುಗಲಿಲ್ಲ, ಒಂದು ಅಕ್ಷರ ಜಾರಲಿಲ್ಲ. ಕೊನೆಯ ಮಾತು ಮುಗಿಯುವುದಕ್ಕೂ ಅಂಗೈ ಮುಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಹಿಂದೆ ನಿಂತಿದ್ದವರು ಆಹಾ ಅಂದರು.

ಬೊಟ್ಟು ಬಿತ್ತು. ಹೊಸ್ತಿಲ ನಟ್ಟ ನಡುವೆ, ಬೆಳ್ಳಗೆ. ದೋಣಿಯವನು ಅದನ್ನು ನೋಡಿ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತ. ಇನ್ನು ನೋಡಬಹುದಲ್ಲ, ನೋಡಬಹುದಲ್ಲ, ಅಂತ ಅವಳನ್ನು ಕೇಳಿದ. ಸಂತೆಯ ದಿನದ ತನಕ ತಡಿ, ಎಲ್ಲರ ಜೊತೆ ನೋಡು, ಅಂತ ಅವಳು ಚಿತ್ರವನ್ನು ಸುತ್ತಿಕೊಂಡು ಒಳಗಿನ ಕೋಣೆಗೆ ಹೋದಳು.

ಅವತ್ತಿನಿಂದ ಸಂತೆಯ ಹಿಂದಿನ ದಿನದ ತನಕ ಕೂತು ಬರೆದಳು. ಬಟ್ಟೆಯ ಚೂರುಗಳು ಹಿತ್ತಲಲ್ಲಿ ರಾಶಿ ಬಿದ್ದವು. ಅವಳ ಕೆಲಸ ಈಗ ಆಯ್ಕೆಯಾದ ಕೆಲಸ, ನಾನೂ ನೋಡಬಹುದಿತ್ತು. ಎತ್ತಿ ನೋಡಿದೆ. ಒಂದೊಂದರಲ್ಲೂ ಒಂದೊಂದು ಮಗು. ದುಂಡು ಮುಖ, ತಿದ್ದಿದ ಹುಬ್ಬು, ಎಲ್ಲರ ಮನೆಯ ತೊಟ್ಟಿಲಲ್ಲೂ ಇಡಬಹುದಾದ ಮಗು.

"ಇದಾ?" ಅಂದೆ.

"ಅಲ್ಲ."

"ಇದು?"

"ಅಲ್ಲ ಕಣೇ. ಕಣ್ಣು ಬರೆಯೋಣ ಅಂತ ಕುಂಚ ಎತ್ತಿದರೆ ಅರಿಕೆಯ ಮಾತು ಮುಂದೆ ಬಂದು ನಿಲ್ಲುತ್ತೆ. ಅದು ಮುಗಿಯೋ ತನಕ ಕಾಯ್ತೀನಿ. ಮುಗಿಯೋ ಹೊತ್ತಿಗೆ ಮುಖ ಇರಲ್ಲ." ಕೈಲಿದ್ದ ಚೂರನ್ನೂ ರಾಶಿಗೆ ಎಸೆದಳು. ಅವಳನ್ನು ತಬ್ಬಿಕೊಂಡೆ. ನನಗೂ ಅಳು ಬಂತು, ಆ ಮೇಷ್ಟ್ರನ್ನು ಬಾಯಿಗೆ ಬಂದ ಹಾಗೆ ಬೈದೆ. ಬೈದು ಏನು ಬಂತು.

ಸಂತೆಯ ದಿನ ತೂತಿನ ಸಮೇತವೇ ಚಿತ್ರವನ್ನು ಮಳಿಗೆಯಲ್ಲಿ ಕಟ್ಟಿದಳು. ಪಕ್ಕದ ಮಳಿಗೆ ನನ್ನದು, ಆ ವರ್ಷ ನನ್ನ ಹೊಸ್ತಿಲಿಗೂ ಬೊಟ್ಟು ಬಿದ್ದಿತ್ತು. ಬೆಳಗಿನಿಂದಲೇ ಅವಳ ಮುಂದೆ ಜನವೋ ಜನ. ಅಂಚಲ್ಲೆಲ್ಲ ಹಳೆಯ ತೂತುಗಳು, ನಡುವೆ ಅಂಗೈ ಅಗಲದ ಹೊಸ ತೂತು, ಕೆಂಪು ಅಂಗಿಯ ಒಂದು ಪಟ್ಟಿ. ಇಂಥ ಅಂಚು ನೋಡೇ ಇಲ್ಲ, ಅಂದರು ಕನ್ನಡಕದವರು. ಎಷ್ಟು ಧೈರ್ಯ, ನೋಡಿ, ನಡುಮಧ್ಯೆಯೇ ಕೊಟ್ಟುಬಿಟ್ಟಿದ್ದಾರೆ, ಅಂದರು ಇನ್ನೊಬ್ಬರು. ಅವಳು ಚಿತ್ರದ ಹಿಂದೆ ಮಣೆಯ ಮೇಲೆ ಕೂತು, ಬಂದವರಿಗೆಲ್ಲ ಕೈ ಮುಗಿದು ಅರಿಕೆ ಹೇಳುತ್ತಿದ್ದಳು. ಹೇಳಿ ಮುಗಿಸಿದಾಗಲೆಲ್ಲ ಜನ ಒಳ್ಳೆಯದು ಅಂತ ತಲೆದೂಗಿ ಮುಂದೆ ಹೋಗುತ್ತಿದ್ದರು.

ದೋಣಿಯವನು ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಡಿಕೆ ಬಿಚ್ಚಿದ ಹೊಸ ಅಂಗಿ ಹಾಕಿಕೊಂಡು ಬಂದ. ನಾನು ಕರೆದು, ಹಿಂದಿನಿಂದ ಹೋಗಪ್ಪ, ನಿನ್ನ ಹೆಂಡತಿಯ ಮಳಿಗೆ, ಸಾಲು ಯಾಕೆ, ಅಂದೆ. ಹಿಂದಿನಿಂದ ಹೋದರೆ ಮೊದಲು ಅವಳು ಅವನನ್ನು ಕಂಡು ಏನಾದರೂ ಹೇಳಿಯಾಳು ಅನ್ನುವುದು ನನ್ನ ಆಸೆ. ಅವನು ಕೇಳಲಿಲ್ಲ.

"ಇಲ್ಲ ಅಕ್ಕ. ಇಷ್ಟು ವರ್ಷ ಬೆನ್ನು ನೋಡಿದ್ದು ಸಾಕು. ಎದುರಿನಿಂದಲೇ ಹೋಗ್ತೀನಿ."

ಸಾಲು ಸರಿಯಿತು. ಅವನ ಸರದಿ ಬಂತು. ಅವನು ಚಿತ್ರದ ಮುಂದೆ ನಿಂತ. ಬಲಗಡೆ ನೋಡಿದ, ಎಡಗಡೆ ನೋಡಿದ, ಆಮೇಲೆ ನಡುವೆ ನೋಡಿದ. ತೂತಿನೊಳಗಿಂದ ಹಿಂದೆ ಕೂತ ಹೆಂಡತಿಯ ಕುತ್ತಿಗೆ, ಗಲ್ಲ ಕಾಣಿಸುತ್ತಿತ್ತು. ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಅವನ ಭುಜದಲ್ಲಿ ಕಂಡಿತು. ಅವನು ಕೂಗಾಡಲಿಲ್ಲ, ಚಿತ್ರ ಹರಿಯಲಿಲ್ಲ. ಬಗ್ಗಿ, ತೂತಿನ ಹತ್ತಿರ ಬಾಯಿ ತಂದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದ. ನಾನು ಪಕ್ಕದಲ್ಲೇ ಇದ್ದುದರಿಂದ ನನಗೆ ಕೇಳಿಸಿತು.

"ಹೋಗಲಿ ಬಿಡು. ಕಣ್ಣು ಯಾರ ಹಾಗಿತ್ತು? ನಿನ್ನ ಹಾಗೋ, ನನ್ನ ಹಾಗೋ? ಅಷ್ಟು ಹೇಳು ಸಾಕು."

ಅವಳು ಬಾಯಿ ತೆರೆದಳು. ಹೇಳಬೇಕು ಅಂತಲೇ ತೆರೆದಳು, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳ್ತೀನಿ. ತುಟಿ ಅಲುಗಿತು.

"ಶಿಶುವಿನ ನೋಟವು," ಅಂದಳು, "ನೋಡುವವರೆಲ್ಲರ ನೋಟವೂ ಹೌದು. ಇಲ್ಲದಿರುವಿಕೆಯೇ ಇಲ್ಲಿ ಬಣ್ಣ. ಕೊಟ್ಟ ಜಾಗವೇ ಇಲ್ಲಿ ಉಳಿದ ಜಾಗ."

ಎಷ್ಟು ಇಂಪಾಗಿ ಹೇಳಿದಳು ಅಂದರೆ, ಹಿಂದಿದ್ದವರು ಸದ್ದು ಮಾಡದೆ ಪೂರ್ತಿ ಕೇಳಿದರು. ದೋಣಿಯವನೂ ಕೊನೆಯ ತನಕ ಕೇಳಿದ. ಯಾರೋ ಅವನ ಭುಜ ಮುಟ್ಟಿ, ಸ್ವಾಮಿ, ನಮಗೂ ಜಾಗ ಬಿಡಿ, ಅಂದರು. ಅವನು ಸರಿದು ನನ್ನ ಮಳಿಗೆಯ ಮುಂದೆ ಬಂದು ನಿಂತ. ನನ್ನ ಮುಖ ನೋಡಿದ.

"ಅಕ್ಕ, ಯಾರ ಹಾಗಿತ್ತು ಅಂತ ಹೇಳಿದಳಾ? ನನಗೆ ಸರಿಯಾಗಿ ಕೇಳಿಸಲಿಲ್ಲ."

"ಇಲ್ಲಪ್ಪ," ಅಂದೆ. "ಹೇಳಲಿಲ್ಲ."

ಅವನು ತಲೆ ಆಡಿಸಿದ. ಹೊಸ ಅಂಗಿಯನ್ನು ಒಂದು ಸಲ ಕೆಳಕ್ಕೆ ಎಳೆದುಕೊಂಡು, ಹೋಗಿ ಸಾಲಿನ ಕೊನೆಯಲ್ಲಿ ನಿಂತ. ಬಿಸಿಲು ಏರಿತ್ತು, ಸಾಲು ಉದ್ದವಿತ್ತು. ಅವನು ಯಾರನ್ನೂ ದಾಟಿ ಮುಂದೆ ಬರಲಿಲ್ಲ. ಅವನ ಸರದಿ ಮತ್ತೆ ಬಂದಾಗ ಅವಳು ಎಲ್ಲರಿಗೂ ಮಾಡುವ ಹಾಗೆ ಅವನಿಗೂ ಕೈ ಮುಗಿದು, ಬನ್ನಿ, ಅಂದು ಮೊದಲಿನಿಂದ ಶುರು ಮಾಡಿದಳು.